ನಮ್ಮ ಜಿಲ್ಲೆಯ ಜೀತ

ಸಹೋದರಿಯರೇ, ಜೀತ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಬಯಲುಸೀಮೆಯ ಯಾವುದೋ ಧಣಿಯ ಮನೆ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಅಪ್ಪ, ಆ ಸಾಲಕ್ಕೆ ದನ ಕಾಯುವ ಮಗ. "ನಮ್ಮ ಉಡುಪಿ ಕಡೆ ಅಂಥದ್ದೆಲ್ಲ ಇರಲಿಲ್ಲ, ಇಲ್ಲಿಯವರು ಓದಿದವರು" ಎನ್ನುವವರೂ ಇದ್ದಾರೆ.

ಇತ್ತು. ಹಿಂದೆ ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಮೂಲದ ಆಳುಗಳೆಂಬ ಕುಟುಂಬಗಳಿದ್ದವು. ಅವರು ಹುಟ್ಟಿನಿಂದಲೇ ಭೂಮಿಗೆ ಸೇರಿದವರು. 1843ರಲ್ಲಿ ಬ್ರಿಟಿಷರು ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆ ಇಲ್ಲವೆಂದು ಕಾನೂನು ಮಾಡಿದರು. ಆದರೆ ತುಂಡು ಭೂಮಿಯೂ ಇಲ್ಲದವನು ಬಿಡುಗಡೆಯಾಗಿ ಹೋಗುವುದೆಲ್ಲಿಗೆ?

ಇನ್ನು ಕೊರಗರ ವಿಷಯ. ಕಾಪು, ಕಾರ್ಕಳದ ಹಳ್ಳಿಗಳಲ್ಲಿ ಅವರು ಹೆಣೆದ ಬುಟ್ಟಿ, ಕುಕ್ಕೆಗಳನ್ನು ನಮ್ಮ ಅಜ್ಜಿಯಂದಿರೂ ಬಳಸಿದ್ದಾರೆ. ಈ ಜನರ ಮೇಲೆ 'ಅಜಲು' ಎಂಬ ಪದ್ಧತಿಯಿತ್ತು. ಕೂಲಿಯಿಲ್ಲದೆ ಡೋಲು ಬಾರಿಸಬೇಕು, ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ತಾವು ಓಡಬೇಕು. ಅನ್ನಕ್ಕೆ ಕೂದಲು, ಉಗುರು ಬೆರೆಸಿ ಅವರಿಗೆ ತಿನ್ನಿಸುತ್ತಿದ್ದರು, ರೋಗ ಅವರಿಗೆ ಹೋಗಲಿ ಎಂದು! ಇದನ್ನು ನಿಷೇಧಿಸಲು ಕರ್ನಾಟಕ ಸರಕಾರ ಪ್ರತ್ಯೇಕ ಕಾನೂನು ತಂದದ್ದು 2000ದಲ್ಲಿ.

ಇಲ್ಲಿ ಸಾಲವೇ ಇಲ್ಲವಲ್ಲ, ಇದು ಜೀತ ಹೇಗೆ ಎಂದು ನೀವು ಕೇಳಬಹುದು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನೇ ನೋಡಿ. ಮುಂಗಡ ಪಡೆದು ದುಡಿಯುವುದು ಮಾತ್ರವಲ್ಲ, ಸಂಪ್ರದಾಯದ ಕಟ್ಟುಪಾಡಿನಿಂದ ಅಥವಾ ಇಂಥ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ಒಬ್ಬನನ್ನು ಕಟ್ಟಿಹಾಕಿ ದುಡಿಸುವುದೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. 1975ರ ಅಕ್ಟೋಬರ್ 25ರಿಂದಲೇ ಸುಗ್ರೀವಾಜ್ಞೆಯ ಮೂಲಕ ಜೀತ ರದ್ದಾಗಿತ್ತು. ಜೀತದ ಸಾಲ ಅಂದಿಗೇ ಮುಗಿಯಿತು, ಒಂದು ರೂಪಾಯಿಯನ್ನೂ ತೀರಿಸಬೇಕಾಗಿಲ್ಲ. ಅದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆಯೂ ಸಾಲ ಕೊಟ್ಟವನದೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಾನೂನು ಇಷ್ಟು ಗಟ್ಟಿಯಿದ್ದರೂ ಪುನರ್ವಸತಿಯಲ್ಲಿ ಸರಕಾರ ಎಡವುತ್ತದೆ. ಕೊರಗರ ಸ್ಥಿತಿಯನ್ನು ಅಧ್ಯಯನ ಮಾಡಿದ ಡಾ. ಮೊಹಮ್ಮದ್ ಪೀರ್ ಅವರ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದಿತು. ವರದಿ ಬಂದು ಮೂರು ದಶಕಗಳಾದವು, ಎಷ್ಟೋ ಕುಟುಂಬಗಳು ಇನ್ನೂ ಅದನ್ನೇ ಕೇಳುತ್ತಿವೆ. ಉಳುವವನೇ ಹೊಲದೊಡೆಯ ಎಂದಾಗ ಗೇಣಿದಾರರಿಗೆ ಭೂಮಿ ಸಿಕ್ಕಿತು. ಗೇಣಿಯ ಯೋಗ್ಯತೆಯೂ ಇಲ್ಲವೆಂದು ದೂರ ಇಟ್ಟವರಿಗೆ ಸಿಗಲಿಲ್ಲ.

ಸಾಲದ ಜೀತದಿಂದ ಬಿಡುಗಡೆಯಾದವರಿಗೆ ಕೇಂದ್ರದ 2016ರ ಯೋಜನೆಯಿದೆ. ಪುರುಷನಿಗೆ ಒಂದು ಲಕ್ಷ, ಹೆಂಗಸರಿಗೂ ಮಕ್ಕಳಿಗೂ ಎರಡು ಲಕ್ಷ, ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ ಮೂರು ಲಕ್ಷ. ಕೂಡಲೇ ಕೊಡುವ ನೆರವು ಮೊದಲು 20,000 ಇತ್ತು, 2022ರಲ್ಲಿ 30,000 ಆಯಿತು. ಆದರೆ ಉಳಿದ ದೊಡ್ಡ ಮೊತ್ತವನ್ನು ಮಾಲಿಕನ ಅಪರಾಧ ಸಾಬೀತಾಗುವುದಕ್ಕೆ ಗಂಟುಹಾಕಿದರು. ಮೊಕದ್ದಮೆ ಎಳೆಯುತ್ತ ಹೋದರೆ ಆ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಏನು ತಿನ್ನಬೇಕು? ಮತ್ತೆ ಇನ್ನೊಬ್ಬ ಮೇಸ್ತ್ರಿಯ ಮುಂಗಡಕ್ಕೇ ಕೈಯೊಡ್ಡಬೇಕು. ಇದನ್ನು ಬರೆದವರು ಒಂದು ದಿನವೂ ಸಾಲದ ಅಂಗಡಿಯಿಂದ ಅಕ್ಕಿ ತಂದವರಲ್ಲ ಎಂದು ನನಗನಿಸುತ್ತದೆ.

ಮಣಿಪಾಲದ ಕಟ್ಟಡಗಳಲ್ಲಿ, ಕಾರ್ಕಳದ ಕಲ್ಲುಕೋರೆಗಳಲ್ಲಿ ದೂರದ ಊರುಗಳಿಂದ ಬಂದ ಕುಟುಂಬಗಳು ದುಡಿಯುತ್ತವೆ. ಮುಂಗಡ ಪಡೆದವರೆಲ್ಲ ಜೀತದಾಳುಗಳಲ್ಲ, ಹಾಗೆಂದು ಯಾರ ಮೇಲೂ ಆರೋಪ ಹೊರಿಸಬಾರದು. ಕೇಳಬೇಕಾದದ್ದು ಸರಳ. ಈ ಕೆಲಸ ಬಿಟ್ಟು ಬೇರೆ ಕಡೆ ಹೋಗಲು ಅವರನ್ನು ಬಿಡುತ್ತಾರೆಯೇ? ಹೆತ್ತವರು ತೀರಿಕೊಂಡರೆ ಊರಿಗೆ ಹೋಗಬಹುದೇ? ಆಧಾರ್ ಕಾರ್ಡ್ ಯಾರ ಪೆಟ್ಟಿಗೆಯಲ್ಲಿದೆ?

ಈ ಪ್ರಶ್ನೆಗಳನ್ನು ನಮ್ಮ ಅಡುಗೆಮನೆಯಲ್ಲೂ ಕೇಳಿಕೊಳ್ಳೋಣ. "ಬಡವರ ಮಗು, ನಾವೇ ಸಾಕುತ್ತಿದ್ದೇವೆ" ಎನ್ನುವ ಮನೆಗಳಿವೆ. ಮಗು ಶಾಲೆಗೆ ಹೋಗುವುದಿಲ್ಲ, ಸಂಬಳ ಅದರ ಕೈಗೆ ಬರುವುದಿಲ್ಲ. ಅಕ್ಕನ ಮದುವೆಗೆ ಕೊಟ್ಟ ಸಾಲದಲ್ಲಿ ಅದು ವಜಾ ಆಗುತ್ತಿರುತ್ತದೆ. ಇದಕ್ಕೆ ಸಾಕುವುದು ಎನ್ನುವುದಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದು 2006ರ ಅಕ್ಟೋಬರ್ 10ರಿಂದಲೇ ಅಪರಾಧ. ಝಕಾತ್ ಸಲ್ಲುವವರ ಪಟ್ಟಿಯಲ್ಲಿ ಸಾಲದಲ್ಲಿ ಮುಳುಗಿದವನಿದ್ದಾನೆ, ಕೊರಳು ಬಿಡಿಸಿಕೊಳ್ಳಬೇಕಾದ ಗುಲಾಮನೂ ಇದ್ದಾನೆ. ಮದ್ರಸದಲ್ಲಿ ಬಾಯಿಪಾಠ ಒಪ್ಪಿಸುವಾಗ ಇದನ್ನು ಹಳೆಯ ಕಾಲದ ಸಂಗತಿಯೆಂದು ದಾಟಿಬಿಡುತ್ತೇವೆ.

ಎಲ್ಲಾದರೂ ಸಂಶಯ ಬಂದರೆ ನೀವೇ ಹೋಗಿ ಜಗಳ ಮಾಡಬೇಡಿ. ಏಟು ಬೀಳುವುದು ಆ ಕೆಲಸದವಳಿಗೆ. ಮಗುವಾದರೆ 1098ಕ್ಕೆ ಕರೆ ಮಾಡಿ. ದೊಡ್ಡವರಾದರೆ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಿ. ನಮ್ಮ ಜಿಲ್ಲೆಯ ಉಪವಿಭಾಗಾಧಿಕಾರಿ ಇರುವುದು ಕುಂದಾಪುರದಲ್ಲಿ. ಅಧಿಕಾರಿಗಳು ಬಂದು ಬಿಡಿಸಿದ ಮೇಲೆ ಬಿಡುಗಡೆ ಪತ್ರ ಕೈಗೆ ಸಿಕ್ಕಿತೇ ಎಂದು ತಪ್ಪದೆ ವಿಚಾರಿಸಿ. ಆ ಕಾಗದವಿಲ್ಲದಿದ್ದರೆ ಮುಂದಿನ ಹಣ ದಕ್ಕುವುದು ಕಷ್ಟ.