ಥೀಮ್ ಕೊಂಡದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು

ನಮ್ಮ ಕಾಲೇಜಿನಲ್ಲಿ ವೆಬ್‌ಸೈಟ್ ಮಾಡಿಕೊಡುವವರು ಈಗ ಕಡಿಮೆಯೇನಿಲ್ಲ. ನನ್ನ ತರಗತಿಯಲ್ಲೇ ನಾಲ್ವರಿದ್ದೇವೆ. ಒಬ್ಬಳು ತನ್ನ ಮಾವನ ಟ್ರಾವೆಲ್ಸ್‌ಗೆ ಮಾಡಿದ್ದಾಳೆ, ಇನ್ನೊಬ್ಬಳು ಟೈಲರಿಂಗ್ ಅಂಗಡಿಗೆ. ನಾನು ದೊಡ್ಡಪ್ಪನ ಮಗನ ಜೊತೆ ಎರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆರ್ಡರ್ ತರುವುದು ಅಣ್ಣ, ಮನೆಯಲ್ಲಿ ಕುಳಿತು ಪುಟಗಳನ್ನು ತುಂಬುವುದು ನಾನು. ಬಂದ ಹಣದಲ್ಲಿ ನನ್ನ ಫೀಸಿನ ಒಂದು ಕಂತು ಕಟ್ಟಿದ್ದೇವೆ. ಹಾಗಾಗಿ ಇದು ನನಗೆ ಬರೀ ಹವ್ಯಾಸವಲ್ಲ.

ಈ ಕೆಲಸದಲ್ಲಿ ನಾವೆಲ್ಲರೂ ಮಾಡುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ ಇದೆ. ನಾವು ಸೈಟನ್ನು ಸೊನ್ನೆಯಿಂದ ಕಟ್ಟುವುದಿಲ್ಲ. ಮೊದಲು ವರ್ಡ್‌ಪ್ರೆಸ್ ಹಾಕುತ್ತೇವೆ. ಅದರ ಮೇಲೆ ಬೇರೆ ಯಾರೋ ತಯಾರಿಸಿ ಮಾರುತ್ತಿರುವ ಥೀಮ್ ಹಾಕುತ್ತೇವೆ. ಥೀಮ್ ಎಂದರೆ ಸೈಟಿನ ಸಿದ್ಧ ರೂಪ: ಬಣ್ಣ, ಅಕ್ಷರ, ಮೆನು, ಚಿತ್ರಗಳ ಜಾಗ ಎಲ್ಲವೂ ಅದರಲ್ಲೇ ಇರುತ್ತವೆ. ನಾವು ಅಂಗಡಿಯ ಹೆಸರು, ಫೋಟೊ, ವಿಳಾಸ ತುಂಬುತ್ತೇವೆ. ಗ್ರಾಹಕರು "ಎಷ್ಟು ಚೆನ್ನಾಗಿ ಡಿಸೈನ್ ಮಾಡಿದ್ದೀರಿ" ಎಂದಾಗ ಸುಮ್ಮನೆ ನಗುತ್ತೇವೆ.

ಹಾಗಾದರೆ ಇದು ಮೋಸವೇ? ಅಲ್ಲ ಎಂಬುದೇ ನನ್ನ ಅಭಿಪ್ರಾಯ. ಮದುವೆ ಕಾರ್ಡ್ ಅಂಗಡಿಯನ್ನು ನೋಡಿ. ಅಲ್ಲಿ ಕಾರ್ಡುಗಳು ಶಿವಕಾಶಿಯಂಥ ಊರುಗಳಿಂದ ಸಿದ್ಧವಾಗಿ ಬಂದಿರುತ್ತವೆ. ಅಂಗಡಿಯವರು ವಧೂವರರ ಹೆಸರು, ದಿನ, ಶಾದಿ ಮಹಲಿನ ವಿಳಾಸ ಮುದ್ರಿಸಿ ಕೊಡುತ್ತಾರೆ. ನೀವೇ ಕಾರ್ಡ್ ತಯಾರಿಸಲಿಲ್ಲ ಎಂದು ಯಾರೂ ಜಗಳವಾಡುವುದಿಲ್ಲ. ಕಾರಣ, ಗ್ರಾಹಕರೇ ಆಲ್ಬಮ್ ತಿರುವಿ ಕಾರ್ಡ್ ಆರಿಸಿರುತ್ತಾರೆ. ಕಾರ್ಡಿನ ಬೆಲೆ ಬೇರೆ, ಮುದ್ರಣದ ಬೆಲೆ ಬೇರೆ ಎಂಬುದು ಅವರಿಗೆ ಗೊತ್ತಿರುತ್ತದೆ. ವೆಬ್‌ಸೈಟ್ ವಿಷಯದಲ್ಲಿ ಮಾತ್ರ ನಾವು ಆ ಆಲ್ಬಮ್ಮನ್ನು ಬಚ್ಚಿಡುತ್ತೇವೆ.

ಬಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಳೆದ ರಮ್ಜಾನಿನಲ್ಲಿ ಕಲಿತೆ.

ನಮ್ಮ ಮೊಹಲ್ಲಾದಲ್ಲಿ ಬೇಕರಿ ನಡೆಸುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತೇವೆ. ಖರ್ಜೂರ ಮತ್ತು ಸಿಹಿತಿಂಡಿಗಳ ಗಿಫ್ಟ್ ಬಾಕ್ಸ್‌ಗಳಿಗೆ ಆರ್ಡರ್ ಪಡೆಯಲು ಅವರಿಗೊಂದು ಸೈಟ್ ಬೇಕಿತ್ತು. ಬಿಲ್ಲಿನಲ್ಲಿ ಒಂದೇ ಸಾಲು ಬರೆದೆವು: "ವೆಬ್‌ಸೈಟ್ ಡಿಸೈನ್, ರೂ. 12,000". ಥೀಮಿನ ನಿಜವಾದ ಬೆಲೆ 59 ಡಾಲರ್, ಅಂದರೆ ಸುಮಾರು ಐದು ಸಾವಿರ ರೂಪಾಯಿ. ಆದರೆ ಅದೇ ಥೀಮಿನ ಬೀಗ ಒಡೆದ ಪ್ರತಿ ಒಂದು ಗ್ರೂಪಿನಲ್ಲಿ ಪುಕ್ಕಟೆಯಾಗಿ ಸಿಕ್ಕಿತು. ಇದಕ್ಕೆ 'ನಲ್ಡ್' ಥೀಮ್ ಎನ್ನುತ್ತಾರೆ. ಅಣ್ಣ ಅದನ್ನೇ ಹಾಕಿದ. ನನಗೆ ಗೊತ್ತಿತ್ತು, ನಾನೂ ಸುಮ್ಮನಿದ್ದೆ. ಐದು ಸಾವಿರ ಉಳಿಯಿತು ಎಂದು ಒಳಗೊಳಗೇ ಖುಷಿಯೂ ಆಗಿತ್ತು.

ಈದ್‌ಗೆ ಹತ್ತು ದಿನ ಇರುವಾಗ ಸೈಟ್ ಕೆಟ್ಟಿತು. ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲ ಸರಿಯಾಗಿತ್ತು. ಮೊಬೈಲಿನಲ್ಲಿ ತೆರೆದರೆ ಬೇಕರಿಯ ಬದಲು ಜೂಜಿನ ಪುಟ ಬರುತ್ತಿತ್ತು. ಒಬ್ಬ ಗಿರಾಕಿ ಅದರ ಚಿತ್ರ ತೆಗೆದು ಚಾಚಾಗೇ ಕಳಿಸಿದರು. ಉಪವಾಸದ ದಿನ, ಅಸರ್ ನಮಾಜಿನ ನಂತರ ಚಾಚಾ ನಮ್ಮ ಮನೆಗೆ ಬಂದರು. ಬೈಯಲಿಲ್ಲ. ಬಿಲ್ಲನ್ನು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದರು: "ನಾನು ಕೊಟ್ಟ ಹನ್ನೆರಡು ಸಾವಿರದಲ್ಲಿ ಈ ಡಿಸೈನ್ ತಯಾರಿಸಿದವನಿಗೆ ಎಷ್ಟು ಕೊಟ್ಟಿರಿ?"

ಉತ್ತರ ಸೊನ್ನೆ ಎಂದಾಗಿತ್ತು. ಅಣ್ಣ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ.

ಆಮೇಲೆ ನಮ್ಮ ಕೈಯಿಂದ ಹಣ ಹಾಕಿ ಥೀಮ್ ಕೊಂಡು, ಮೂರು ರಾತ್ರಿ ಕುಳಿತು ಸೈಟನ್ನು ಮೊದಲಿನಿಂದ ಮಾಡಿಕೊಟ್ಟೆವು. ಆ ಹೊತ್ತಿಗೆ ಗಿಫ್ಟ್ ಬಾಕ್ಸಿನ ಆರ್ಡರ್‌ಗಳು ಬೇರೆ ಅಂಗಡಿಗಳಿಗೆ ಹೋಗಿದ್ದವು. ನಷ್ಟ ಚಾಚಾಗೆ ಆಯಿತು, ನಮಗಲ್ಲ. ನನ್ನನ್ನು ಈಗಲೂ ಚುಚ್ಚುವುದು ಇದೇ.

ಇದು ನಮ್ಮ ದುರದೃಷ್ಟ ಮಾತ್ರವಲ್ಲ ಎಂದು ನಂತರ ಓದಿ ತಿಳಿದೆ. ವರ್ಡ್‌ಪ್ರೆಸ್ ಸುರಕ್ಷತೆಯ ಕೆಲಸ ಮಾಡುವ ವರ್ಡ್‌ಫೆನ್ಸ್ ಸಂಸ್ಥೆ 2019ರಲ್ಲಿ 'ಡಬ್ಲ್ಯುಪಿ-ವಿಸಿಡಿ' ಎಂಬ ದುಷ್ಟ ತಂತ್ರಾಂಶದ ಬಗ್ಗೆ ವಿವರವಾಗಿ ಬರೆದಿತ್ತು. ಅದು ಹರಡುತ್ತಿದ್ದದ್ದೇ ಇಂಥ ನಲ್ಡ್ ಥೀಮ್ ಮತ್ತು ಪ್ಲಗಿನ್‌ಗಳಿಂದ. ಅದು ಸೈಟಿಗೆ ಹಿಂಬಾಗಿಲು ತೆರೆಯುತ್ತದೆ, ಬೇಡದ ಜಾಹೀರಾತು ತುಂಬುತ್ತದೆ, ಅದೇ ಹೋಸ್ಟಿಂಗ್‌ನಲ್ಲಿರುವ ಬೇರೆ ಸೈಟ್‌ಗಳಿಗೂ ಹಬ್ಬುತ್ತದೆ. ಕಳ್ಳ ಬಂದು ಬಾಗಿಲು ಒಡೆಯಬೇಕಿಲ್ಲ, ನಾವೇ ಕರೆದು ಕೂರಿಸುತ್ತೇವೆ.

ಕೆಲವರು ಇದಕ್ಕೆ ಒಂದು ವಾದ ಹೂಡುತ್ತಾರೆ. "ವರ್ಡ್‌ಪ್ರೆಸ್ ಇರುವುದು ಜಿಪಿಎಲ್ ಪರವಾನಗಿಯಲ್ಲಿ. ಅದನ್ನು ಹಂಚುವುದು ತಪ್ಪಲ್ಲ. ಥೀಮ್ ಕೂಡ ಹಾಗೇ ಅಲ್ಲವೇ?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. 2009ರಲ್ಲಿ ವರ್ಡ್‌ಪ್ರೆಸ್ ಪರವಾಗಿ ಪಡೆದ ಕಾನೂನು ಅಭಿಪ್ರಾಯದ ಪ್ರಕಾರ ಥೀಮಿನ ಪಿಎಚ್‌ಪಿ ಕೋಡ್ ಜಿಪಿಎಲ್‌ಗೆ ಒಳಪಡಬೇಕು. ಆದರೆ ಅದರ ಚಿತ್ರಗಳಿಗೂ ಅಲಂಕಾರದ ಸಿಎಸ್‌ಎಸ್ ಭಾಗಕ್ಕೂ ಬೇರೆ ಪರವಾನಗಿ ಇರಬಹುದು. ಇನ್ನು ದಾರಿಯಲ್ಲಿ ಯಾರದೋ ಕೈ ಸೇರಿ ಬಂದ ಪ್ರತಿ ಮೂಲ ಕೋಡೇ ಎಂದು ಹೇಳುವವರು ಯಾರು? ಹಣ ಕೊಟ್ಟು ಕೊಂಡಾಗ ನಮಗೆ ಸಿಗುವುದು ಕೋಡ್ ಮಾತ್ರವಲ್ಲ. ಮುಂದಿನ ಅಪ್‌ಡೇಟ್‌ಗಳು ಮತ್ತು ಕೆಟ್ಟರೆ ಕೇಳಲು ಒಬ್ಬ ವ್ಯಕ್ತಿಯೂ ಸಿಗುತ್ತಾರೆ.

ಪರವಾನಗಿಯ ಬಗ್ಗೆ ನನಗೇ ಗೊತ್ತಿಲ್ಲದ ಒಂದು ಅಂಶವೂ ಆಗ ತಿಳಿಯಿತು. ಥೀಮ್‌ಫಾರೆಸ್ಟ್‌ನ ರೆಗ್ಯುಲರ್ ಪರವಾನಗಿ ಒಂದು ಸೈಟಿಗೆ, ಒಬ್ಬ ಗ್ರಾಹಕರಿಗೆ ಮಾತ್ರ. ಒಮ್ಮೆ ಕೊಂಡು ಐದು ಅಂಗಡಿಗಳಿಗೆ ಹಾಕುವಂತಿಲ್ಲ. ಮುಖ್ಯವಾದದ್ದು ಇದು: ಸೈಟನ್ನು ಗ್ರಾಹಕರಿಗೆ ಒಪ್ಪಿಸಿದಾಗ ಆ ಪರವಾನಗಿಯೂ ಅವರಿಗೇ ವರ್ಗಾವಣೆಯಾಗುತ್ತದೆ. ಅಂದರೆ ನಾವು ಕೊಂಡದ್ದು ಅವರ ವಸ್ತು. ಅವರ ವಸ್ತುವಿನ ವಿಷಯವನ್ನು ಅವರಿಂದಲೇ ಮುಚ್ಚಿಡಲು ನಮಗೇನು ಹಕ್ಕಿದೆ? ನಾಳೆ ನಾವು ಡಿಗ್ರಿ ಓದಲು ಬೇರೆ ಊರಿಗೆ ಹೋದರೆ ಆ ಸೈಟನ್ನು ಬೇರೊಬ್ಬರು ನೋಡಿಕೊಳ್ಳಬೇಕು. ಥೀಮಿನ ಹೆಸರು, ಖರೀದಿ ಸಂಖ್ಯೆ ಇಲ್ಲದೆ ಅವರು ಅಪ್‌ಡೇಟ್ ಮಾಡುವುದು ಹೇಗೆ?

"ಹೇಳಿಬಿಟ್ಟರೆ ಗ್ರಾಹಕರು ತಾವೇ ಐದು ಸಾವಿರ ಕೊಟ್ಟು ಕೊಳ್ಳುತ್ತಾರೆ, ನಾವು ಯಾಕೆ ಬೇಕು?" ಇದು ಅಣ್ಣನ ಪ್ರಶ್ನೆ, ನಿಮ್ಮದೂ ಇರಬಹುದು. ಥೀಮ್ ಹಾಕಿದ ಮೇಲೆ ಉಳಿಯುವ ಕೆಲಸವನ್ನು ಒಮ್ಮೆ ಎಣಿಸಿ ನೋಡಿ. ಹೆಚ್ಚಿನ ಥೀಮ್‌ಗಳ ಮಾದರಿ ಪುಟ ಇಂಗ್ಲಿಷಿನಲ್ಲಿರುತ್ತದೆ, ಅದಕ್ಕೇ ಅಷ್ಟು ಅಂದವಾಗಿ ಕಾಣುತ್ತದೆ. ಅದರಲ್ಲಿ ಕನ್ನಡ ಹಾಕಿದರೆ ಸಾಲುಗಳ ನಡುವಿನ ಜಾಗ ಸಾಲದೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಉರ್ದು ಹಾಕಿದರೆ ಇಡೀ ಪುಟ ಬಲದಿಂದ ಎಡಕ್ಕೆ ತಿರುಗಬೇಕು. ಶೀರ್ಷಿಕೆಯ ಅಕ್ಷರಗಳ ನಡುವೆ ಅಂತರ ಕೊಟ್ಟಿದ್ದರೆ ಕೂಡಿ ನಿಲ್ಲಬೇಕಾದ ಉರ್ದು ಅಕ್ಷರಗಳು ಬಿಡಿಬಿಡಿಯಾಗುತ್ತವೆ. ಚಾಚಾರ ಸೈಟಿನಲ್ಲಿ 'ನೋಟೊ ಸ್ಯಾನ್ಸ್ ಕನ್ನಡ' ಮತ್ತು 'ನೋಟೊ ನಸ್ತಾಲೀಕ್ ಉರ್ದು' ಅಕ್ಷರಗಳನ್ನು ಕೂರಿಸಿ, ಸಾಲಿನ ಎತ್ತರ ಸರಿ ಮಾಡಲು ನನಗೆ ಎರಡು ದಿನ ಬೇಕಾಯಿತು. ಇದು ಥೀಮಿನಲ್ಲಿ ಸಿಗುವುದಿಲ್ಲ. ಇದೇ ನಮ್ಮ ದುಡಿಮೆ, ಇದಕ್ಕೇ ನಾವು ಹಣ ಕೇಳಬೇಕು. ಬೇರೆಯವರ ಡಿಸೈನನ್ನು ನಮ್ಮದೆಂದು ಹೇಳಿಕೊಳ್ಳುವ ಆತುರದಲ್ಲಿ ನಾವು ನಿಜವಾಗಿ ಮಾಡಿದ ಕೆಲಸವನ್ನೇ ಮರೆಮಾಡುತ್ತಿದ್ದೇವೆ.

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಇದು ಹೊಸ ಪಾಠವೇನಲ್ಲ. ಸರಕಿನ ಖರ್ಚು ಬೇರೆ, ಕೂಲಿ ಬೇರೆ, ಲಾಭ ಬೇರೆ ಎಂದು ಬರೆಯುವುದನ್ನು ನಮಗೆ ಕಲಿಸಿದ್ದಾರೆ. ವ್ಯವಹಾರ ಅಧ್ಯಯನದಲ್ಲಿ ಗ್ರಾಹಕರ ಮಾಹಿತಿ ಪಡೆಯುವ ಹಕ್ಕನ್ನು ಐದು ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಬರೆಯುವುದನ್ನು ಬಿಲ್ಲಿನಲ್ಲಿ ಯಾಕೆ ಬರೆಯಬಾರದು?

ಈಗ ನಮ್ಮ ಬಿಲ್ಲಿನಲ್ಲಿ ನಾಲ್ಕು ಸಾಲುಗಳಿವೆ: ಡೊಮೇನ್, ಹೋಸ್ಟಿಂಗ್, ಥೀಮ್ ಪರವಾನಗಿ, ನಮ್ಮ ಕೆಲಸ. ಮೊದಲ ಮೂರು ಕೊಂಡ ಬೆಲೆಗೇ. ಥೀಮನ್ನು ಗ್ರಾಹಕರ ಮುಂದೆಯೇ ತೋರಿಸಿ ಆರಿಸುತ್ತೇವೆ, ಕಾರ್ಡ್ ಅಂಗಡಿಯ ಆಲ್ಬಮ್ಮಿನಂತೆ. ಐದು ಸಾವಿರ ಕೊಡಲು ಆಗದವರಿಗೆ ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲಿರುವ ಉಚಿತ ಥೀಮ್ ಹಾಕುತ್ತೇವೆ. ಅಲ್ಲಿ ಪರಿಶೀಲನೆ ಆದ ನಂತರವೇ ಥೀಮ್‌ಗಳನ್ನು ಸೇರಿಸುತ್ತಾರೆ. ಉಚಿತವಾದದ್ದೆಲ್ಲ ಕಳಪೆಯಲ್ಲ, ಕದ್ದದ್ದು ಉಚಿತವೂ ಅಲ್ಲ.

ಇದರಿಂದ ನಮಗೆ ಲಾಭವೇ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಿಲ್ ನೋಡಿದ ಒಬ್ಬರು "ನಿಮ್ಮ ಕೆಲಸ ಇಷ್ಟೇನಾ?" ಎಂದು ನಕ್ಕು ಬೇರೆಯವರ ಬಳಿ ಹೋದರು. ಆ ತಿಂಗಳು ನಮಗೆ ಬೇರೆ ಆರ್ಡರ್ ಇರಲಿಲ್ಲ. ಅಣ್ಣ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆದರೆ ನಂತರ ಬಂದ ಇಬ್ಬರು ಬಿಲ್ಲಿನ ಸಾಲುಗಳನ್ನು ಓದಿ, ಚೌಕಾಸಿ ಮಾಡಿ, ಒಪ್ಪಿಕೊಂಡರು. ಅವರ ಮುಂದೆ ಕುಳಿತಾಗ ನಾನು ನೆಲ ನೋಡಬೇಕಾಗಲಿಲ್ಲ.

ನಮ್ಮ ಮನೆಯ ಉರ್ದುವಿನಲ್ಲಿ ನಂಬಿ ಒಪ್ಪಿಸಿದ ವಸ್ತುವಿಗೆ 'ಅಮಾನತ್' ಎನ್ನುತ್ತೇವೆ. ಕನ್ನಡ ಪತ್ರಿಕೆಯಲ್ಲಿ 'ಅಮಾನತು' ಎಂದರೆ ಕೆಲಸದಿಂದ ದೂರ ಇಟ್ಟಿದ್ದಾರೆ ಎಂದರ್ಥ. ಚಿಕ್ಕವಳಿದ್ದಾಗ ಇದು ನನಗೆ ದೊಡ್ಡ ಗೊಂದಲವಾಗಿತ್ತು. ಈಗ ಇಲ್ಲ. ಮೊದಲನೆಯದನ್ನು ಕಾಪಾಡದವರಿಗೆ ಎರಡನೆಯದು ತಾನಾಗಿಯೇ ಬರುತ್ತದೆ.

ಗೆಳತಿಯರೇ, ಗೆಳೆಯರೇ, ಮುಂದಿನ ಆರ್ಡರ್ ಬಂದಾಗ ಥೀಮ್ ಕೊಳ್ಳಿ, ಧೈರ್ಯವಾಗಿ ಕೊಳ್ಳಿ. ಕೊಂಡದ್ದನ್ನು ಬಿಲ್ಲಿನಲ್ಲಿ ಬರೆಯಿರಿ. ಖರೀದಿಯ ರಸೀದಿಯನ್ನು ಗ್ರಾಹಕರ ಕೈಗೆ ಕೊಡಿ. ಚಾಚಾ ಕೇಳಿದ ಪ್ರಶ್ನೆಯನ್ನು ಯಾರಾದರೂ ನಿಮ್ಮನ್ನು ಕೇಳಿದರೆ, ಉತ್ತರ ಆ ರಸೀದಿಯಲ್ಲೇ ಇರಲಿ.

ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ