ರೋಗಿಯ ಪರ ಮಾತಾಡುವವರು ಯಾರು?

ಬೆಳಗ್ಗೆ ಮಾಚೇನಹಳ್ಳಿ ಸ್ಟಾಪಿನಲ್ಲಿ ನಿಂತು ನೋಡಿ. ಕಾರ್ಖಾನೆಗೆ ಹೊರಟವರ ಕೈಯಲ್ಲಿ ಬುತ್ತಿ. ಆಸ್ಪತ್ರೆಗೆ ಹೊರಟವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳೇ ಚೀಟಿ, ಎಕ್ಸ್‌ರೇ, ರೇಷನ್ ಕಾರ್ಡು. ಬಸ್ಸಿನಲ್ಲಿ ಶಿವಮೊಗ್ಗವೂ ದೂರವಲ್ಲ, ಭದ್ರಾವತಿಯೂ ದೂರವಲ್ಲ. ದೂರ ಶುರುವಾಗುವುದು ದೊಡ್ಡಾಸ್ಪತ್ರೆಯ ಗೇಟು ದಾಟಿದ ಮೇಲೆ. ಯಾವ ಊರಿನ ದೊಡ್ಡಾಸ್ಪತ್ರೆಯಾದರೂ ಇದೇ ಕಥೆ. "ಆ ಕೌಂಟರಿಗೆ ಹೋಗಿ", "ಆಧಾರ್ ಜೆರಾಕ್ಸ್ ತನ್ನಿ", "ನಾಳೆ ಬನ್ನಿ".

ಡಾಕ್ಟರು ರೋಗ ನೋಡುತ್ತಾರೆ, ನರ್ಸು ಔಷಧಿ ಕೊಡುತ್ತಾರೆ. ದುಡಿಯುವವನೇ ಹಾಸಿಗೆ ಹಿಡಿದರೆ ಮನೆ ನಡೆಯುವುದು ಹೇಗೆ, ಡಿಸ್ಚಾರ್ಜ್ ಆದ ಮೇಲೆ ನೋಡಿಕೊಳ್ಳುವವರು ಯಾರು ಎಂದು ಕೇಳುವವರು ಯಾರು?

ಆ ಕೆಲಸಕ್ಕೆಂದೇ ಒಂದು ವೃತ್ತಿ ಇದೆ: ವೈದ್ಯಕೀಯ ಸಮಾಜಕಾರ್ಯ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ 1895ರಲ್ಲೇ ಇದಕ್ಕೊಬ್ಬರನ್ನು ನೇಮಿಸಿತು. ಮುಂಬಯಿಯ ಜೆ.ಜೆ. ಆಸ್ಪತ್ರೆ 1946ರಲ್ಲಿ ನೇಮಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ರೋಗಿಯ ಜೊತೆಗೆ ಮನೆಯವರನ್ನೂ ಕೂರಿಸಿಕೊಂಡು ಮಾತಾಡುವುದು ಅಲ್ಲಿ ಚಿಕಿತ್ಸೆಯ ಭಾಗ.

ಹುಟ್ಟುಹಬ್ಬಕ್ಕೆ ವಾರ್ಡಿನಲ್ಲಿ ಹಣ್ಣು-ಬ್ರೆಡ್ಡು ಹಂಚಿ ಫೋಟೊ ತೆಗೆಸಿಕೊಳ್ಳುವ ಸಮಾಜಸೇವೆ ಬೇರೆ, ಇದು ಬೇರೆ. ಇದಕ್ಕೆ ಎರಡು ವರ್ಷ ಎಂ.ಎಸ್.ಡಬ್ಲ್ಯು. ಓದಬೇಕು. ಅದನ್ನು ಕಲಿಸುವ ಕುವೆಂಪು ವಿಶ್ವವಿದ್ಯಾಲಯ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ!

ಇಂಥವರು ಇಲ್ಲದಿದ್ದರೆ ನಷ್ಟವೇನು? 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ತುರ್ತು ಚಿಕಿತ್ಸೆ ಬಿಟ್ಟರೆ, ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಗಾಬರಿಯಲ್ಲಿ ನೇರವಾಗಿ ಖಾಸಗಿಗೆ ಓಡಿದವನಿಗೆ ಇದನ್ನು ಹೇಳಿದವರು ಯಾರು? ಒಂದು ಚೀಟಿ ಇಲ್ಲದ್ದಕ್ಕೆ ಹೆಂಡತಿಯ ಸರ ಅಡವಿಗೆ ಹೋಗುತ್ತದೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಅಂಗಡಿಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಖಾಸಗಿ ಆಸ್ಪತ್ರೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಯಿತು. ತುರ್ತು ರೋಗಿಗೆ ಮುಂಗಡ ಕಟ್ಟಿದ ಮೇಲೇ ಚಿಕಿತ್ಸೆ ಅನ್ನುವಂತಿಲ್ಲ, ಬಾಕಿ ಹಣಕ್ಕಾಗಿ ಶವ ಹಿಡಿದಿಡುವಂತಿಲ್ಲ. ಹಕ್ಕು ಕಾಗದದಲ್ಲಿದೆ. ಅಳುತ್ತಾ ನಿಂತವರು ಕಾಯಿದೆ ಪುಸ್ತಕ ತೆಗೆದು ಓದಲು ಆಗುತ್ತದೆಯೇ?

"ಆರೋಗ್ಯಮಿತ್ರರು ಇದ್ದಾರಲ್ಲ" ಎನ್ನಬಹುದು. ಅವರ ಕೆಲಸ ಯೋಜನೆಯ ಕಾಗದಪತ್ರಕ್ಕೆ ಸಂಬಂಧಿಸಿದ್ದು. ಮನೆಯ ಪಾಡು ಕೇಳಿ, ಡಾಕ್ಟರಿಗೆ ತಿಳಿಸಿ, ರೋಗಿ ಊರು ಸೇರಿದ ಮೇಲೂ ವಿಚಾರಿಸುವುದು ಸಮಾಜಕಾರ್ಯಕರ್ತರ ಕೆಲಸ.

500 ಕೆಲಸಗಾರರಿದ್ದ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕೇಬೇಕು ಎಂದು 1948ರ ಕಾಯಿದೆಯೇ ಹೇಳಿತ್ತು. ಭದ್ರಾವತಿಯ ಕಾರ್ಮಿಕರಿಗೆ ಇದು ಹೊಸ ಮಾತಲ್ಲ. ಗಟ್ಟಿಮುಟ್ಟಾಗಿ ದುಡಿಯುವವನಿಗೆ ಹೇಳಿಕೊಳ್ಳಲು ಒಬ್ಬರು ಬೇಕಾದರೆ, ಮಲಗಿದವನಿಗೆ ಬೇಡವೇ?

ಕೇಳುತ್ತಿರುವುದು ಹೊಸ ಕಟ್ಟಡವಲ್ಲ. ಜಿಲ್ಲೆಯ ಪ್ರತಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಒಂದು ಮೇಜು, ಕನ್ನಡದಲ್ಲಿ ಒಂದು ಬೋರ್ಡು, ಅಲ್ಲಿ ರಾತ್ರಿಯೂ ಭಾನುವಾರವೂ ಕೂರುವ ಒಬ್ಬ ತರಬೇತಾದ ಸಮಾಜಕಾರ್ಯಕರ್ತ. ರೋಗ ಕಚೇರಿ ವೇಳೆ ನೋಡಿಕೊಂಡು ಬರುವುದಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?