ಯಂತ್ರಕ್ಕಿಂತ ಮೊದಲು ತಂತಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ತಂದೆಯವರು ಹಾನಗಲ್ಲ ತಾಲೂಕಿನ ಹಳ್ಳಿಯೊಂದರಲ್ಲಿ ರಂಟೆ, ಕುಂಟೆ ದುರಸ್ತಿ ಮಾಡುವ ಕಮ್ಮಾರರು. ಸಾಲ ಮಾಡಿಯಾದರೂ ಮೂರು ಫೇಜಿನ ದೊಡ್ಡ ವೆಲ್ಡಿಂಗ್ ಯಂತ್ರ ತರಬೇಕೆಂಬುದು ಅವರ ಹಟ. ನಾನು ಬೇಡವೆನ್ನುತ್ತೇನೆ.

ನಮ್ಮ ಮನೆಗೆ ಬರುವದು 230 ವೋಲ್ಟಿನ ಒಂದೇ ಫೇಜು. 2.5 ಮಿ.ಮೀ. ಕಡ್ಡಿಗೆ 60ರಿಂದ 90 ಆಂಪಿಯರ್ ಸಾಕು. ಚಿಕ್ಕ ಇನ್ವರ್ಟರ್ ಯಂತ್ರ ಇಷ್ಟನ್ನು ಸುಮಾರು 3 ಕಿಲೋವ್ಯಾಟಿನಲ್ಲಿ ಕೊಡುತ್ತದೆ. ದಪ್ಪ ಪಟ್ಟಿಗೆ ಅದು ಸಾಲದೆಂಬ ತಂದೆಯವರ ಮಾತು ನಿಜ. ಆದರೆ ಅಂಥ ಕೆಲಸ ನಮ್ಮಲ್ಲಿಗೆ ಬರುವದು ಅಪರೂಪ.

ಉಳಿದ ಹಣ ತಂತಿಗೆ ಹೋಗಲಿ. ಮೀಟರಿನಿಂದ 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ತಂತಿ, ಬೇರೆ ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಬೇಕು. ಹೆಸ್ಕಾಂಗೆ ಅರ್ಜಿ ಕೊಟ್ಟು ಲೋಡು ಹೆಚ್ಚಿಸಿಕೊಳ್ಳಬೇಕು.

"ಪಂಪ್‌ಸೆಟ್ಟಿನ ಲೈನಿಗೆ ಕೊಕ್ಕೆ ಹಾಕಿದರಾಯಿತು" ಎನ್ನುವವರೂ ಉಂಟು. ಅದು ಕಳವು. ಟಿ.ಸಿ. ಸುಟ್ಟರೆ ಒಣಗುವದು ನಮ್ಮ ನೆರೆಯವರ ಬೆಳೆ; ಅವರೇ ನಮ್ಮ ಗಿರಾಕಿಗಳು.

ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ ಬರುವ ಮಿತ್ರರೆ, ನಿಮ್ಮೂರಲ್ಲಿಯೂ ಈ ಚರ್ಚೆ ನಡೆದೀತು. ನಾನು ಓದಿದ್ದು ಇತಿಹಾಸ. ಆದರೂ ವೋಲ್ಟನ್ನು ಆಂಪಿಯರಿನಿಂದ ಗುಣಿಸಲು ಬಿ.ಎಸ್ಸಿ. ಆಗಬೇಕಿಲ್ಲ. ಹೊಲಮನೆ ದುಡಿಸಿ ನಮ್ಮನ್ನು ಓದಿಸಿದವರಿಗೆ ಸಾಲಕ್ಕೆ ಮೊದಲು ಇಷ್ಟು ಲೆಕ್ಕ ಮಾಡಿ ತೋರಿಸದಿದ್ದರೆ, ನಮ್ಮ ಪದವಿಯಿಂದ ಮನೆಗೇನು ಬಂತು?